ಮೂರನೆಯ ಮರ

ಜಿಂಕೆ ಬಂದದ್ದು ನಿಜ. ಕತ್ತೆತ್ತಿ ಮರದ ಮೇಲಿದ್ದವನನ್ನು ನೋಡಿದ್ದೂ ನಿಜ. ಆದರೆ ಮರದ ಮೇಲಿದ್ದವರು ನಮ್ಮ ಭಾವ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಅಲ್ಲೇ ಕೆಳಗೆ ನಿಂತಿದ್ದೆ.

ಹೋದ ಭಾನುವಾರ, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಅಕ್ಕ-ಭಾವನ ಹೊಸ ಮನೆಯ ಗೃಹಪ್ರವೇಶದಲ್ಲಿ ಆ ಕಥೆ ಮತ್ತೆ ಕಿವಿಗೆ ಬಿತ್ತು. ಹೋಳಿಗೆ ಊಟ ಮುಗಿದಿತ್ತು. ಹಿತ್ತಿಲಿನಲ್ಲಿ ಮಂಡ್ಯ, ಹಾಸನದ ಕಡೆಯ ಹತ್ತು ಹದಿನೈದು ಸಂಸಾರಗಳು ಬಾಡಿಗೆ ಕುರ್ಚಿಗಳಲ್ಲಿ ಒರಗಿ ಕೂತಿದ್ದವು. ಭಾವ ಎಲೆ ಅಡಿಕೆ ಹಾಕಿಕೊಂಡು ಶುರು ಮಾಡಿದರು. ಹಳೇ ಕಂಪನಿಯ ಬಾಸ್ ಬೇಟೆಗೆ ಕರೆದದ್ದು, ಇಪ್ಪತ್ತಡಿ ಎತ್ತರದಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತೂಗಾಡುತ್ತ ಕೂತದ್ದು, ಕೆಳಗೆ ಹೆಣ್ಣು ಜಿಂಕೆಯೊಂದು ಬಂದು ಕಣ್ಣಲ್ಲಿ ಕಣ್ಣಿಟ್ಟದ್ದು. "ಬಿಲ್ಲು ಕೈಲೇ ಇತ್ತು ಕಣ್ರೀ. ಎಳೆದಿದ್ರೆ ಮುಗೀತಿತ್ತು. ಕೈ ಬರ್ಲಿಲ್ಲ. ಹೋಗಮ್ಮ, ಇತ್ಲಾಗೆ ಬರಬೇಡ ಅಂದೆ. ಹೋಯ್ತು." ಯಾರೋ ಹಿರಿಯರು "ಸಂಸ್ಕಾರ ಅಂದ್ರೆ ಇದಪ್ಪ" ಅಂದರು. ಒಬ್ಬರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು, ಶೀಲ್ಡು ಹೊತ್ತು ತಂದವಳು ನಾನು. ಎದುರಾಳಿ ಏನು ಹೇಳಿದ ಅನ್ನುವುದಕ್ಕಿಂತ ಏನನ್ನು ಬಿಟ್ಟ ಅನ್ನುವುದನ್ನು ಮೊದಲು ನೋಡು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಭಾವನ ಕಥೆಯಲ್ಲಿ ಬಿಟ್ಟುಹೋದದ್ದು ಒಂದು ಕಾನೂನು, ಒಬ್ಬ ಮನುಷ್ಯ. ಕಾನೂನು ಸಣ್ಣದು: ಆ ಬೆಟ್ಟಗಳಲ್ಲಿ ಕವಲೊಡೆದ ಕೊಂಬಿನ ಗಂಡು ಜಿಂಕೆಯನ್ನು ಬಿಟ್ಟು ಬೇರೆ ಯಾವುದಕ್ಕೂ ಬಾಣ ಬಿಡುವ ಹಾಗಿರಲಿಲ್ಲ. ಸರ್ಕಾರ ಬೇಡ ಎಂದದ್ದನ್ನು ಮಾಡದೆ ಬಿಟ್ಟದ್ದು ಕರುಣೆ ಹೇಗಾಗುತ್ತದೆ? ಮನುಷ್ಯನ ವಿಷಯ ದೊಡ್ಡದು. ಅವನ ಹೆಸರು ಪಾಟೀಲ. ಹುಬ್ಬಳ್ಳಿಯವನು. ಆ ಜಿಂಕೆ ಅವನದು, ಆ ಮಾತೂ ಅವನದು.

ನೆಂಟರೆಲ್ಲ ಹೊರಟ ಮೇಲೆ ನಾನು ಗರಾಜಿನಲ್ಲಿ ಡಬ್ಬಗಳನ್ನು ಜೋಡಿಸುತ್ತಿದ್ದೆ. ಅಪಾರ್ಟ್‌ಮೆಂಟಿನಿಂದ ಬಂದ ಸಾಮಾನಿನ ತಳದಲ್ಲಿ ಹಸಿರು ಬಣ್ಣದ ಚೀಲವೊಂದು ಸಿಕ್ಕಿತು. ಜಿಪ್ ಎಳೆದೆ. ನೈಲಾನಿನ ವಾಸನೆ, ಅಡಿಗೆ ಸೋಡದ ವಾಸನೆ, ಅವುಗಳ ಕೆಳಗೆ ತೆಳ್ಳಗೆ ಇಂಗು. ಆ ಬೇಸಿಗೆಯೇ ಮುಖಕ್ಕೆ ಬಡಿದ ಹಾಗಾಯಿತು. ಅಕ್ಕನ ನಾಲ್ಕು ವರ್ಷದ ಮಗಳು ಓಡಿ ಬಂದು ಒಳಗಿನ ಪ್ಲಾಸ್ಟಿಕ್ ಕವರಿನಲ್ಲಿದ್ದ ಹಗ್ಗಕ್ಕೆ ಕೈ ಹಾಕಿದಳು. "ಚಿಕ್ಕಿ, ಕ್ಯಾನ್ ಐ ಸ್ವಿಂಗ್ ಆನ್ ದಿಸ್?"

"ಮುಟ್ಬೇಡ! ಮಗಳೇ, ಅದನ್ನ ಮುಟ್ಬೇಡ!"

ಬಾಗಿಲಲ್ಲಿ ಭಾವ ನಿಂತಿದ್ದರು. ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಆ ದನಿಯನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ. ಎಲ್ಲಿ ಎಂದು ನೆನಪಾದಾಗ ಕವರಿನಿಂದ ಹೊರಗೆಳೆದ ಹಗ್ಗ ನನ್ನ ಕೈಯಲ್ಲಿತ್ತು.

ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಬೇಸಿಗೆ ಅದು. ಸಾಂಟಾ ಕ್ಲಾರಾದ ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ನಾನೂ ಇದ್ದೆ. ಕೆಲಸಕ್ಕೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದಕ್ಕೆ ಹೋಗುತ್ತಿದ್ದೆ. ಹಿಂದಿನ ವರ್ಷ ಆಮೆಯಂತೆ ತೆವಳುತ್ತಿದ್ದ ಫ್ರೀವೇ ಆ ವರ್ಷ ಬೆಳಗ್ಗೆ ಎಂಟಕ್ಕೂ ಸರಾಗವಾಗಿ ಹರಿಯುತ್ತಿತ್ತು. ಜನ ಅದಕ್ಕೆ ಖುಷಿಪಡುತ್ತಿದ್ದರು. ಕಾರುಗಳು ಎಲ್ಲಿ ಹೋದವು ಎಂದು ಯಾರೂ ಕೇಳುತ್ತಿರಲಿಲ್ಲ.

ಭಾವ ರೆಡ್‌ವುಡ್ ಸಿಟಿಯ ಸಣ್ಣ ಕಂಪನಿಯೊಂದರಲ್ಲಿ ಟೀಮ್ ಲೀಡು. ಮನೆ ಬದಲಿಸುವವರಿಗೆ ಲಾರಿ ಗೊತ್ತುಮಾಡಿಕೊಡುವ ವೆಬ್‌ಸೈಟು. ಅವರ ಕೈಕೆಳಗೆ ಆರು ಜನ ಇದ್ದರು, ಆ ಜೂನಿಗೆ ಉಳಿದವನು ಪಾಟೀಲ ಒಬ್ಬ. ಕೋಡು ಬರೆಯುತ್ತಿದ್ದವನು ಅವನೇ. ಭಾವ ಮೀಟಿಂಗು ನೋಡಿಕೊಳ್ಳುತ್ತಿದ್ದರು. ಶನಿವಾರ ಮಧ್ಯಾಹ್ನದ ಊಟಕ್ಕೆ ಪಾಟೀಲ ನಮ್ಮ ಮನೆಗೆ ಬರುತ್ತಿದ್ದ. ಭಾವನನ್ನು ಅಣ್ಣಾರ, ಅಕ್ಕನನ್ನು ವೈನಿ ಅನ್ನುತ್ತಿದ್ದ. ನನ್ನನ್ನು ಕಂಡರೆ "ಏನ್ ವಕೀಲರ, ಇವತ್ ಯಾರ ಮ್ಯಾಲ ಕೇಸು?"

ಅವರ ಬಾಸ್ ಕ್ರೇಗ್ ಎಂಬವನಿಗೆ ಬಿಲ್ಲು ಬಾಣದ ಬೇಟೆಯ ಹುಚ್ಚು. ಹಾಫ್ ಮೂನ್ ಬೇ ಕಡೆಯ ಬೆಟ್ಟದಲ್ಲಿ ಅವನ ಮಾವನ ಜಮೀನಿತ್ತು. ಮರಕ್ಕೆ ಅಟ್ಟ ಕಟ್ಟುವುದು ಹಳೇ ಕಾಲದ್ದು, ಈಗ ಸ್ಯಾಡಲ್ ಅನ್ನುತ್ತಿದ್ದ. ಸ್ಯಾಡಲ್ ಅಂದರೆ ಕುಂಡಿಯ ಕೆಳಗೆ ಬರುವ ಅಗಲವಾದ ಪಟ್ಟಿ. ಅದನ್ನು ಹಗ್ಗದಿಂದ ಮರಕ್ಕೆ ಕಟ್ಟಿ, ಕಾಲನ್ನು ಕಾಂಡಕ್ಕೆ ಒತ್ತಿ, ಹಿಂದಕ್ಕೆ ವಾಲಿ ಗಂಟೆಗಟ್ಟಲೆ ತೂಗುತ್ತಿರಬೇಕು. "ನೀವಿಬ್ಬರೂ ಬನ್ನಿ" ಎಂದ. ಆಗಿನ ದಿನಗಳಲ್ಲಿ ಬಾಸ್ ಬನ್ನಿ ಎಂದರೆ ಬೆಂಕಿಗೂ ಹೋಗುತ್ತಿದ್ದರು. ಮಂಡ್ಯದ ಭಾವನೂ ಹುಬ್ಬಳ್ಳಿಯ ಲಿಂಗಾಯತರ ಹುಡುಗನೂ ಬೇಟೆಯ ಸುರಕ್ಷತೆಯ ಪರೀಕ್ಷೆ ಕಟ್ಟಿದರು. ಭಾವ ಅದಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಓದಿ ನೂರಕ್ಕೆ ನೂರು ತೆಗೆದರು. ಪಾಟೀಲ ಮೊದಲೇ ಹೇಳಿಬಿಟ್ಟಿದ್ದ: "ನಾ ಬಾಣ ಬಿಡಂಗಿಲ್ರಿ. ಹಗ್ಗ ಬೇಕಾದ್ರ ಕಟ್ಟಿಕೊಡ್ತೀನಿ."

ಹಗ್ಗ ಅವನಿಗೆ ನೀರು ಕುಡಿದ ಹಾಗೆ. ಕಾಲೇಜಿನ ರಜೆಯೆಲ್ಲ ಬಾದಾಮಿಯ ಬಂಡೆಗಳ ಮೇಲೆ ಕಳೆದವನು. ಒಂದೇ ಸಂಜೆಯಲ್ಲಿ ಕ್ರೇಗ್‌ಗೆ ಗೊತ್ತಿಲ್ಲದ ಎರಡು ಗಂಟು ಕಲಿಸಿಕೊಟ್ಟ. ಭಾರ ಬಿದ್ದರೆ ಬಿಗಿಯುವ, ಬೆರಳಲ್ಲಿ ಒತ್ತಿದರೆ ಜಾರುವ ಗಂಟು. ಆಮೇಲೆ ಕ್ರೇಗ್ ಭಾವನ ಕ್ಯೂಬಿಕಲ್ಲಿನ ಹತ್ತಿರ ನಿಲ್ಲುವುದನ್ನು ಬಿಟ್ಟು ಪಾಟೀಲನ ಹತ್ತಿರ ನಿಲ್ಲತೊಡಗಿದ. ಇದನ್ನು ಭಾವ ಅಕ್ಕನಿಗೆ ಹೇಳಿದ್ದು ನನಗೆ ಕೇಳಿಸಿತು. ಇನ್ನೊಂದೂ ಕೇಳಿಸಿತು.

"ಡೆಮೋ ಆದ್ಮೇಲೆ ನಮ್ಮಿಬ್ರಲ್ಲಿ ಒಬ್ಬನ್ನೇ ಇಟ್ಕೊಳ್ಳೋದಂತೆ ಕಣೇ. ಕ್ರೇಗ್ ನನಗೊಬ್ಬನಿಗೇ ಹೇಳಿದ."

ಅಕ್ಕನಿಗೆ ಆಗ ಆರು ತಿಂಗಳು. ಕೆಲಸ ಹೋದರೆ ವೀಸಾ ಹೋಯಿತು, ಇನ್ಶೂರೆನ್ಸಿನ ಜೊತೆ ಡಾಕ್ಟರೂ ಹೋದರು. ಅವಳು ಪಾತ್ರೆಯನ್ನು ಸಿಂಕಿನಲ್ಲಿಟ್ಟು, "ಪಾಟೀಲಂಗೆ ಹೇಳಿದ್ರಾ?" ಅಂದಳು. ಭಾವ ಟೀವಿ ಹಾಕಿದರು.

ಮನೆಯಲ್ಲಿ ಅಸಹ್ಯ ಶುರುವಾದದ್ದು ವಾಸನೆಯಿಂದ. ಸ್ಯಾಡಲನ್ನು ಭಾವ ಅಡಿಗೆಮನೆಯ ಬಾಗಿಲಿಗೆ ನೇತುಹಾಕಿದ್ದರು. ಆಫೀಸಿಗೆ ಒಯ್ದಾಗ ಅದನ್ನು ಮೂಸಿ ನೋಡಿದ ಕ್ರೇಗ್, ಈ ಘಾಟಿಗೆ ಜಿಂಕೆಗಳು ಸಮುದ್ರ ಹಾರಿ ಹೋಗುತ್ತವೆ ಎಂದು ಆಫೀಸಿನ ಎಲ್ಲರೆದುರು ನಕ್ಕನಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್. ಎರಡು ವಾರ ಸಾಸಿವೆ ಸಿಡಿಯಲಿಲ್ಲ. ಬಟ್ಟೆಗಳನ್ನೆಲ್ಲ ಅಡಿಗೆ ಸೋಡದಲ್ಲಿ ಒಗೆದದ್ದಾಯಿತು. ಇಂಗಿನ ಡಬ್ಬಿ ಬಾಲ್ಕನಿಗೆ ಹೋಯಿತು. ಬಸುರಿ ಹೆಂಡತಿ ಒಗ್ಗರಣೆಯಿಲ್ಲದ ಸಾರನ್ನು ಮೂಗು ಹಿಡಿದುಕೊಂಡು ನುಂಗುತ್ತಿದ್ದಳು. ಅದೇ ವಾರ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಒಂದು ಸಣ್ಣ ಬಾಟಲಿ ಬಂದು ಕೂತಿತು.

"ಏನ್ರೀ ಇದು?"

"ಆಫೀಸಿಂದು. ಇರ್ಲಿ ಬಿಡು."

ನಾನು ತೆಗೆದು ಓದಿದೆ. ನರಿಯ ಮೂತ್ರ. ಬೂಟಿಗೆ ಹಚ್ಚಿಕೊಂಡರೆ ಮನುಷ್ಯರ ವಾಸನೆ ಮುಚ್ಚುತ್ತದಂತೆ. ಕರಿಬೇವು ನಿಷಿದ್ಧ, ನರಿಯ ಉಚ್ಚೆ ಮೊಸರಿನ ಮಗ್ಗುಲಿಗೆ! ನಾನು ಅಡಿಗೆಮನೆಯಲ್ಲಿಯೇ ಸಭೆ ಕರೆದೆ. ಭಾವ "ನಿನಗೆ ಕಾರ್ಪೊರೇಟ್ ಅರ್ಥ ಆಗಲ್ಲಮ್ಮ" ಅಂದರು. ಪಾಟೀಲ ಮಾತ್ರ ತಟ್ಟೆಯ ಮುಂದೆ ಕೂತು, "ಒಗ್ಗರಣಿ ಇಲ್ಲದ ಸಾರು ಕುಡಿಯಾಕ ನಾವೇನ್ ದವಾಖಾನ್ಯಾಗ ಇದೀವೇನ್ರಿ ಅಣ್ಣಾರ? ವೈನಿ, ನೀವು ಬಾಜೂ ಮನಿಯಾಗ ಹೋಗಿ ಹಾಕ್ಕೊಂಡು ಬರ್ರಿ, ನಾ ಬಾಗಲಾ ಕಾಯ್ತೀನಿ" ಎಂದ. ಎರಡು ವಾರದಲ್ಲಿ ಅಕ್ಕ ನಕ್ಕದ್ದು ಅದೊಂದೇ ಸಲ.

ಬೇಟೆಯ ಸೀಸನ್ನು ಶುರುವಾಗುವುದಕ್ಕೆ ಒಂದು ವಾರ ಮೊದಲೇ ಮರಗಳಿಗೆ ಸಾಮಾನು ಕಟ್ಟಿ ಬರಬೇಕಿತ್ತು, ಜಿಂಕೆಗಳಿಗೆ ಅದು ಅಭ್ಯಾಸವಾಗಲಿ ಎಂದು. ಕ್ರೇಗ್ ಬರಲಿಲ್ಲ. ಜಮೀನಿನ ನಕ್ಷೆಯಿದ್ದ ಹಾಳೆಗಳನ್ನು ಭಾವನ ಕೈಗೆ ಕೊಟ್ಟು, ಮೂರು ಮರಕ್ಕೂ ಕಟ್ಟಿ ಬನ್ನಿ ಎಂದಿದ್ದ. "ನಿನ್ನ ಭಾವ ಬಿದ್ದುಗಿದ್ದಾರು, ನೀನೂ ಹೋಗು" ಎಂದು ಅಕ್ಕ ನನ್ನನ್ನು ಕಳಿಸಿದಳು.

ಬೆಟ್ಟದ ನೆತ್ತಿಯ ರಸ್ತೆಯಲ್ಲಿ ಸಮುದ್ರದ ಮಂಜು ಕಾರಿನ ಗಾಜಿಗೆ ನೀರು ಕಟ್ಟಿಸುತ್ತಿತ್ತು. ಇಳಿಜಾರು ಮುಗಿಯುವಷ್ಟರಲ್ಲಿ ಸುಡು ಬಿಸಿಲು. ಹುಲ್ಲೆಲ್ಲ ಹದವಾಗಿ ಹುರಿದ ರವೆಯ ಬಣ್ಣಕ್ಕೆ ತಿರುಗಿತ್ತು. ನಡುನಡುವೆ ಓಕ್ ಮರಗಳ ಕಪ್ಪು ಹಸಿರು. ಪಾಟೀಲ ಅರ್ಧ ತೋಳಿನ ಟೀ ಶರ್ಟಿನಲ್ಲಿದ್ದ. ಭಾವ ಆ ಬಿಸಿಲಲ್ಲೂ ಪೂರ್ತಿ ತೋಳಿನ ಅಂಗಿ ಹಾಕಿ, ಕುತ್ತಿಗೆಯ ಗುಂಡಿಯವರೆಗೆ ಬಿಗಿದುಕೊಂಡಿದ್ದರು. ಕೈಗೆ ಚರ್ಮದ ಗ್ಲೌಸು. ಗ್ಲೌಸಿಲ್ಲದೆ ಲ್ಯಾಬಿನಲ್ಲಿ ಏನನ್ನೂ ಮುಟ್ಟದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಕೆಲಸ ನೋಡುವುದಕ್ಕೆ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಮೊದಲು ಒಂದು ಹಗ್ಗವನ್ನು ಕಾಂಡಕ್ಕೆ ಬಳಸಿ ಸೊಂಟದ ಎರಡೂ ಕಡೆ ಸಿಕ್ಕಿಸಿಕೊಳ್ಳುತ್ತಾರೆ, ಎರಡು ಕೈಯೂ ಖಾಲಿ ಇರಲಿ ಎಂದು. ಆಮೇಲೆ ಕಾಲಿಡುವ ಮೆಟ್ಟಿಲುಗಳನ್ನು ಒಂದೊಂದಾಗಿ ಪಟ್ಟಿಯಿಂದ ಮರಕ್ಕೆ ಬಿಗಿಯುತ್ತ, ಒಂದನ್ನು ಹತ್ತಿ ನಿಂತು ಮುಂದಿನದನ್ನು ಬಿಗಿಯುತ್ತ ಮೇಲಕ್ಕೆ ಹೋಗುತ್ತಾರೆ. ಇಪ್ಪತ್ತಡಿಯಲ್ಲಿ ಪಾದ ಊರುವಷ್ಟು ಸಣ್ಣ ಹಲಗೆ. ತಲೆಯ ಮೇಲೆ ಮುಖ್ಯ ಹಗ್ಗ, ಅದಕ್ಕೆ ಪಾಟೀಲನ ಗಂಟು. ನಾನು ಕೆಳಗಿನಿಂದ ಮೆಟ್ಟಿಲುಗಳನ್ನು ದಾರಕ್ಕೆ ಕಟ್ಟಿದರೆ ಅವನು ಎಳೆದುಕೊಳ್ಳುತ್ತಿದ್ದ. ಮೊದಲ ಮರ ಅವನು, ಎರಡನೆಯದು ಭಾವ. ಭಾವ ಇಳಿಯುವಾಗ ಕಾಲು ಗಡಗಡ ನಡುಗುತ್ತಿತ್ತು.

"ಮೂರನೇದು ನಾ ಹತ್ತತೀನ್ರಿ. ನೀವು ದಣದೀರಿ, ಕೂಡ್ರಿ" ಎಂದ ಪಾಟೀಲ.

"ಸರಿ ಕಣಯ್ಯ."

ಮೂರನೆಯ ಮರ ತೊರೆಯ ಪಕ್ಕ ಇತ್ತು. ಬುಡದಿಂದ ಕವಲಿನವರೆಗೆ ಮೂರು ಮೂರು ಎಲೆಯ ಬಳ್ಳಿ. ಅರ್ಧ ಎಲೆ ಹಸಿರು, ಅರ್ಧ ಕೆಂಪು, ಎಣ್ಣೆ ಸವರಿದ ಹಾಗೆ ಮಿಂಚುತ್ತಿದ್ದವು.

"ಇದೇನ್ ಬಳ್ಳಿರಿ ಅಣ್ಣಾರ, ಮರಕ್ಕ ಸೀರಿ ಉಡಿಸಿದಂಗ ಸುತ್ತೇತಿ?"

"ಕಾಡುಬಳ್ಳಿ ಕಣಯ್ಯ, ಇನ್ನೇನು" ಅಂದರು ಭಾವ.

ನಾನು ಹತ್ತಿರ ಹೋದೆ. "ಏ, ದೂರ ನಿಂತ್ಕೊಳ್ಳಮ್ಮ ನೀನು" ಅಂದರು. ಪಾಟೀಲ ಬಳ್ಳಿಯನ್ನು ಎರಡೂ ಕೈಯಲ್ಲಿ ಕಿತ್ತು ಎಸೆಯತೊಡಗಿದ. ಒಂದು ಎಳೆ ನನ್ನ ಕಾಲ ಬಳಿ ಬಿತ್ತು, ಎತ್ತಿಡೋಣ ಎಂದು ಬಗ್ಗಿದೆ. "ಮುಟ್ಬೇಡ ಅಂದೆನಲ್ಲ! ದೂರ ನಿಂತ್ಕೊ!" ಮೇಲಿನಿಂದ ಕೊಂಬೆ ಬಿದ್ದೀತು ಎಂದು ಹೆದರಿದರೇನೋ ಅಂದುಕೊಂಡೆ.

ಪಾಟೀಲ ಒಂದು ಉದ್ದದ ಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಕೈ ಮುಗಿದ. "ನೋಡ್ರಿ ವಕೀಲರ, ಸನ್ಮಾನ!" ನಾನು ಬಿದ್ದು ಬಿದ್ದು ನಕ್ಕೆ. ಭಾವ ನಗಲಿಲ್ಲ. ಹಗ್ಗದ ಸುರುಳಿ ಬಿಡಿಸುತ್ತ ಕೂತಿದ್ದರು.

ಆಮೇಲೆ ಮುಕ್ಕಾಲು ಗಂಟೆ ಅವನು ಆ ಕಾಂಡವನ್ನು ತಬ್ಬಿಕೊಂಡು ಹತ್ತಿದ. ಬೆವರು ಬಂದಾಗೆಲ್ಲ ಮುಂಗೈಯಿಂದ ಹಣೆ, ಕಣ್ಣು ಒರೆಸಿಕೊಂಡ. ಅಷ್ಟು ಹೊತ್ತೂ ನಾನೇನು ಮಾಡುತ್ತಿದ್ದೆ? ವಾದ. ಮರದ ಮೇಲೆ ಅವಿತು ಕೂತು, ತನ್ನ ಪಾಡಿಗೆ ತಾನು ನೀರು ಕುಡಿಯಲು ಬಂದ ಪ್ರಾಣಿಯನ್ನು ಹೊಡೆಯುವುದು ಹೊಂಚೇ ಹೊರತು ಬೇಟೆಯಲ್ಲ, ಅದರಲ್ಲಿ ಶೌರ್ಯ ಎಲ್ಲಿದೆ, ಎದುರಾಳಿಗೆ ಆಟದ ನಿಯಮವೇ ಗೊತ್ತಿಲ್ಲದಿದ್ದರೆ ಅದು ಆಟ ಹೇಗಾಗುತ್ತದೆ ಎಂದು ಭಾವನನ್ನು ತರಾಟೆಗೆ ತೆಗೆದುಕೊಂಡಿದ್ದೆ. ನಾನು ಒಂದಂದರೆ ಹತ್ತು ಅನ್ನುವ ಮನುಷ್ಯ, ಅವತ್ತು ತಲೆ ತಗ್ಗಿಸಿ "ಸರಿ ಬಿಡು, ನೀನೇ ಗೆದ್ದೆ" ಅಂದರು. ಗೆದ್ದೆ ಎಂದು ನಾನು ಬೀಗಿದೆ. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮೇಲಿನಿಂದ ಪಾಟೀಲ "ಶ್!" ಅಂದ. ಸ್ಯಾಡಲಿನಲ್ಲಿ ಭಾರ ಬಿಟ್ಟು ಪರೀಕ್ಷೆ ಮಾಡುತ್ತಿದ್ದ. ತೊರೆಯ ಆಚೆಯಿಂದ ಹೆಣ್ಣು ಜಿಂಕೆಯೊಂದು ಒಂದೊಂದೇ ಹೆಜ್ಜೆ ಇಟ್ಟು ಬಂತು. ಕಿವಿಗಳು ದೊಡ್ಡವು, ಮೈ ತೆಳ್ಳಗೆ. ಮರದ ಕೆಳಗೆ ಬಂದು ಕತ್ತೆತ್ತಿತು. ಇಪ್ಪತ್ತಡಿ ಮೇಲೆ ತೊಟ್ಟಿಲಿನಂತೆ ತೂಗುತ್ತಿದ್ದ ಪಾಟೀಲ ಅದನ್ನೇ ನೋಡಿದ. ಆಮೇಲೆ ಮೆಲ್ಲಗೆ ಅಂದ:

"ಹೋಗವ್ವಾ, ಹೋಗು. ಶನಿವಾರ ಇತ್ತಾಗ ಹಾಯಬ್ಯಾಡ. ನಿನ್ನ ಗೆಳತ್ಯಾರಿಗೂ ಹೇಳು."

ಅದು ಹೋಯಿತು. ನಡೆದದ್ದು ಇಷ್ಟೇ. ಆಗ ಯಾರ ಕೈಯಲ್ಲೂ ಬಿಲ್ಲಿರಲಿಲ್ಲ.

ಸೋಮವಾರ ಪಾಟೀಲನ ಮುಂಗೈ ಕೆರೆಯತೊಡಗಿತು. ಮಂಗಳವಾರ ಕುತ್ತಿಗೆಯ ಸುತ್ತ, ಬಳ್ಳಿ ಸುತ್ತಿಕೊಂಡಿದ್ದ ಜಾಗದಲ್ಲೇ, ಮಾಲೆಯಂತೆ ಬೊಕ್ಕೆಗಳು. ಬುಧವಾರ ಅಕ್ಕ ರಾಗಿ ಗಂಜಿ ಮಾಡಿ ನನ್ನ ಕೈಯಲ್ಲಿ ಕಳಿಸಿದಳು. ಬಾಗಿಲು ತೆಗೆದವನ ಮುಖದಲ್ಲಿ ಕಣ್ಣೇ ಇರಲಿಲ್ಲ. ರೆಪ್ಪೆಗಳು ಬಾತು ಮುಚ್ಚಿಕೊಂಡಿದ್ದವು. ತೋಳಿನ ಬೊಕ್ಕೆಗಳು ಒಡೆದು ಹಳದಿ ನೀರು ಸೋರಿ ಅಂಗಿಗೆ ಅಂಟಿತ್ತು. ಪಾಯ್ಸನ್ ಓಕ್ ಎಂದು ಡಾಕ್ಟರು ಹೇಳಿದರಂತೆ. ಎಲೆಯ ಎಣ್ಣೆ ತಾಗಿದರೆ ಹೀಗಾಗುತ್ತದೆ, ಈ ಕಡೆಯ ಮಕ್ಕಳಿಗೂ ಅದು ಗೊತ್ತಿರುತ್ತದೆ ಅಂದರಂತೆ. ಗಂಜಿಯ ಬಟ್ಟಲನ್ನು ತಡವುತ್ತ ಅವನೆಂದ, "ಚಂದ ಕಾಣ್ತೀನೇನ್ರಿ ವಕೀಲರ? ನಾಳಿ ಡೆಮೋ ಐತಿ. ಕಣ್ಣು ಬಿಟ್ರ ಸಾಕಿತ್ತು."

ಬಿಡಲಿಲ್ಲ. ಗುರುವಾರ ಅವನು ಬರೆದದ್ದನ್ನು ಭಾವ ತೋರಿಸಿದರು. ಚೆನ್ನಾಗಿ ಆಯಿತಂತೆ. ಶನಿವಾರ ಸೀಸನ್ನು ಶುರುವಾಯಿತು. ಭಾವ ನಾಲ್ಕು ಗಂಟೆ ಎರಡನೆಯ ಮರದಲ್ಲಿ ತೂಗಾಡಿ, ಮರಗಟ್ಟಿದ ಕಾಲನ್ನು ಮನೆಗೆ ಬಂದು ಉಪ್ಪುನೀರಿನಲ್ಲಿ ಇಳಿಬಿಟ್ಟುಕೊಂಡು ಅಕ್ಕನಿಗೆ ಹೇಳಿದರು: "ಒಂದು ಅಳಿಲೂ ಬರ್ಲಿಲ್ಲ ಕಣೇ." ಆ ಮಾತಿಗೆ ನಾನು ಸಾಕ್ಷಿ. ಮುಂದಿನ ವಾರ ಕ್ರೇಗ್ ಒಬ್ಬನನ್ನು ಉಳಿಸಿಕೊಂಡ.

ವೀಸಾದವರಿಗೆ ಅಳುವುದಕ್ಕೂ ಪುರಸೊತ್ತಿಲ್ಲ. ಹುಬ್ಬಳ್ಳಿಗೆ ಹೊರಡುವ ಹಿಂದಿನ ದಿನ ಪಾಟೀಲ ಊಟಕ್ಕೆ ಬಂದ. ಮುಖದ ಚರ್ಮ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಅಕ್ಕ ಬಾಲ್ಕನಿಯಿಂದ ಇಂಗಿನ ಡಬ್ಬಿ ಒಳಗೆ ತಂದಿದ್ದಳು. ಸಾಸಿವೆ ಸಿಡಿದದ್ದು ಕೇಳಿ ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ಈಗ ನೋಡ್ರಿ ವೈನಿ, ಮನಿ ಮನಿಯಂಗಾತು." ಭಾವ ತಾವೇ ನಿಂತು ಅವನಿಗೆ ಬಡಿಸಿದರು. ತುಪ್ಪ ಎರಡು ಸಲ ಹಾಕಿದರು. "ನಿನ್ನ ದುರದೃಷ್ಟ ಕಣಯ್ಯ" ಅಂದರು. "ಇರ್ಲಿ ಬಿಡ್ರಿ ಅಣ್ಣಾರ, ಮರಕ್ಕೇನ್ ಗೊತ್ತು?" ಎಂದ ಅವನು.

ಗರಾಜಿನಲ್ಲಿ ಸಿಕ್ಕ ಚೀಲದ ಪಕ್ಕದ ಜೇಬಿನಲ್ಲಿ ಕ್ರೇಗ್ ಕೊಟ್ಟ ಹಾಳೆಗಳಿದ್ದವು. ಒಂದೇ ಹಾಳೆಯ ಎರಡು ಪ್ರತಿ, ಒಟ್ಟಿಗೆ ಮಡಚಿದ್ದವು. ಒಂದು ಬದಿ ನಕ್ಷೆ, ಇನ್ನೊಂದು ಬದಿ ಸೂಚನೆ: ಮೂರನೆಯ ಮರದ ತುಂಬ ಪಾಯ್ಸನ್ ಓಕ್ ಇದೆ, ಪೂರ್ತಿ ತೋಳಿನ ಅಂಗಿ ಮತ್ತು ಗ್ಲೌಸು ಇಲ್ಲದೆ ಹತ್ತಿರ ಹೋಗಬೇಡಿ, ಬಳ್ಳಿಯನ್ನು ಕೈಯಲ್ಲಿ ಕೀಳಬೇಡಿ. ಕೆಳಗೆ ಮೂರೆಲೆಯ ಚಿತ್ರ. ಒಂದು ಪ್ರತಿಯಲ್ಲಿ ಆ ಸಾಲಿನ ಅಡಿ ಕೆಂಪು ಗೆರೆ ಇದೆ, ಎರಡು ಸಲ ಎಳೆದದ್ದು. ಇನ್ನೊಂದು ಪ್ರತಿ ಮಡಿಕೆಯೂ ಸವೆಯದಷ್ಟು ಹೊಸದು. ಅದರ ತಲೆಯ ಮೇಲೆ ಭಾವನ ಕೈಬರಹದಲ್ಲಿ "ಪಾಟೀಲ್" ಎಂದಿದೆ.

ಭಾವನ ಪರವಾಗಿಯೂ ನಾನೇ ವಾದಿಸಿ ನೋಡಿದೆ. ಕೊಡಬೇಕೆಂದೇ ಹೆಸರು ಬರೆದಿದ್ದರು, ಮರೆತಿರಬಹುದು. ಗ್ಲೌಸು ಹಗ್ಗ ಉಜ್ಜೀತು ಎಂದು ಹಾಕಿಕೊಂಡಿರಬಹುದು. ಮಗಳನ್ನು ಗದರಿದ್ದಂತೂ ಸಾಕ್ಷ್ಯವೇ ಅಲ್ಲ, ಪಾಟೀಲನ ಮುಖ ನೋಡಿದ ಮೇಲೆ ಯಾರಾದರೂ ಹಾಗೆಯೇ ಗದರುತ್ತಾರೆ. ಆ ಎಣ್ಣೆ ವರ್ಷಗಟ್ಟಲೆ ಹಗ್ಗದಲ್ಲಿ ಉಳಿಯುತ್ತದಂತೆ. ಅದು ನಿಜ, ಇದನ್ನು ಬರೆಯುವಾಗ ನನ್ನ ಮಣಿಕಟ್ಟಿನ ಮೇಲೆ ನಾಲ್ಕು ಬೊಕ್ಕೆ ಎದ್ದಿವೆ. ಆರು ತಿಂಗಳ ಬಸುರಿ ಮನೆಯಲ್ಲಿದ್ದಳು, ಹೆದರಿದ್ದರು, ಅದನ್ನೂ ಒಪ್ಪುತ್ತೇನೆ. ಆ ಕೆಲಸ ಉಳಿದದ್ದರಿಂದಲೇ ಆ ಮಗು ಇಲ್ಲಿ ಹುಟ್ಟಿತು, ನಾನೂ ಆ ಮನೆಯ ಅನ್ನವನ್ನೇ ಉಂಡೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ನಿಮ್ಮ ಹಿತ್ತಿಲಿನಲ್ಲಿ ಕೂತವರು ಯಾರೂ ಅದನ್ನು ಕೇಳಲಾರರು, ಅವರಿಗೆ ಜಿಂಕೆ ಸಾಕು. ನಾನು ಕೇಳುತ್ತೇನೆ.

ಅವತ್ತು ನನಗೆ ದೂರ ನಿಲ್ಲು ಎಂದು ಎರಡು ಸಲ ಹೇಳಿದಿರಲ್ಲ ಭಾವ, ಪಾಟೀಲನಿಗೆ ಒಂದು ಸಲವೂ ಯಾಕೆ ಹೇಳಲಿಲ್ಲ?